ಅಮ್ಮ ಕಲಿಸಿದ ಸೋಪು

ನಾವಿಬ್ಬರು ಅಕ್ಕತಂಗಿಯರು ಬೆಳೆದದ್ದು ಸಿದ್ದಾಪುರದ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ. ಬಿಳಿಸೆರಗು ವಾಸನೆ ಬಂದರೆ ಒಳಗೂ ಸೋಪು ಹಾಕಿ ತೊಳೀಬೇಕು ಅಂತ ಅಮ್ಮ ಕಲಿಸಿದ್ದಳು. ವರ್ಷಗಟ್ಟಲೆ ತೊಳೆದೆವು. ವಾಸನೆ ಹೋಗಲಿಲ್ಲ.

ಪತ್ರಿಕೋದ್ಯಮ ಓದುವಾಗ ಆರೋಗ್ಯದ ವರದಿಗೆಂದು ಹುಡುಕಿದಾಗಲೇ ಗೊತ್ತಾದದ್ದು: ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗದ್ದೇ ಲ್ಯಾಕ್ಟೋಬ್ಯಾಸಿಲಸ್ ಯೋನಿಯೊಳಗೂ ಇರುತ್ತದೆ. ಅಲ್ಲಿ ಹುಳಿ ಉಳಿಸಿ ರೋಗಾಣುಗಳನ್ನು ತಡೆಯುತ್ತದೆ. ಮೈಸೂರಿನ ಹೆಂಗಸರಲ್ಲೂ ಇದರ ಅಧ್ಯಯನ ನಡೆದಿದೆ. ನಾವು ಸೋಪು ಹಾಕಿ ಕೆಡಿಸುತ್ತಿದ್ದದ್ದು ಈ ಕಾವಲನ್ನೇ. (ಹಾಗಂತ ಮೊಸರು ಹಚ್ಚಿಕೊಳ್ಳಬೇಡಿ.)

ಈ ಕಾವಲು ಕಡಿಮೆಯಿದ್ದವರಲ್ಲಿ ಎಚ್‌ಪಿವಿ ವೈರಸ್ ಹೆಚ್ಚಾಗಿ ಕಾಣುತ್ತದೆ. ಅದು ಲೈಂಗಿಕ ಸಂಪರ್ಕದಿಂದ ಬರುವಂಥದ್ದು, ಗಂಡನೊಬ್ಬನನ್ನೇ ಬಲ್ಲವಳಿಗೂ ಬರಬಹುದು. ಬಹುತೇಕರಲ್ಲಿ 2 ವರ್ಷದೊಳಗೆ ತಾನಾಗೇ ಹೋಗುತ್ತದೆ. ಕೆಲವರಲ್ಲಿ ಹೋಗದೆ ಉಳಿದು, ಹತ್ತಾರು ವರ್ಷಕ್ಕೆ ಗರ್ಭಕಂಠದ ಕ್ಯಾನ್ಸರ್ ಆಗುತ್ತದೆ.

30 ದಾಟಿದವರಿಗೆ ಸರ್ಕಾರದ ತಪಾಸಣೆ ಇದೆ. ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಸವರಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬೆಳ್ಳಗಾದ ಜಾಗ ಕಂಡರೆ ಮುಂದಿನ ಪರೀಕ್ಷೆ. ಅಷ್ಟೇ.

ಅಮ್ಮನಿಗೀಗ 52. ಒಮ್ಮೆಯೂ ತೋರಿಸಿಕೊಂಡವಳಲ್ಲ. "ಕಾಫಿ ಕೊಯ್ಲು ಮುಗೀಲಿ" ಅಂದಳು. ಒಂದು ದಿನದ ಕೂಲಿ ಹೋದರೆ ಹೋಗಲಿ ಅಂತ ಮೂವರೂ ಬಸ್ ಹತ್ತಿದೆವು. ಒಳಗೆ ಕರೆದಾಗ ಅಮ್ಮ ನಮ್ಮ ಕೈ ಹಿಡಿದು ಮೆಲ್ಲಗೆ ಕೇಳಿದಳು, "ಸೋಪು ಹಾಕಿದ್ದಕ್ಕೆ ನರ್ಸಮ್ಮ ಬೈತಾರಾ?"