ನಿಮಿಷಾಂಬೆಯ ಮುಂದೆ ಕಪ್ಪಿನ ಹರಕೆ

ಸೋದರಿಯರೇ, ಶ್ರೀರಂಗಪಟ್ಟಣದ ಕೋಟೆ ನೋಡಿ ಗುಂಬಜಿನ ಕಡೆ ಹೊರಟರೆ ನಮ್ಮ ಗಂಜಾಂ ಸಿಗುತ್ತದೆ. ಇಲ್ಲಿ ಕಾವೇರಿ ದಡದಲ್ಲಿ ನಿಮಿಷಾಂಬೆಯ ಗುಡಿಯಿದೆ. ಬೇಡಿದ್ದನ್ನು ನಿಮಿಷದಲ್ಲಿ ನಡೆಸಿಕೊಡುವ ತಾಯಿ ಅಂತ ನಂಬಿಕೆ. ಮದುವೆ, ಮಕ್ಕಳು ಅಂತ ಹರಕೆ ಹೊರುವವರ ನಡುವೆ ನನ್ನ ಮಗನ ಕೋರಿಕೆಯೇ ಬೇರೆ: "ಈ ಸಲ ಕಪ್ ನಮ್ದೇ!"

ಅದಕ್ಕೆ ಮಾತ್ರ ನಿಮಿಷ ಸಾಲಲಿಲ್ಲ ನೋಡಿ. 2008ರಲ್ಲಿ ಶುರುವಾದ ಐಪಿಎಲ್ ಕ್ರಿಕೆಟ್‌ನಲ್ಲಿ ನಮ್ಮ ಆರ್‌ಸಿಬಿ 2009, 2011, 2016ರಲ್ಲಿ ಕೊನೆಯ ಪಂದ್ಯದವರೆಗೂ ಹೋಗಿ ಸೋತಿತು. ಹೆಣ್ಣುಮಕ್ಕಳ ತಂಡ 2024ರಲ್ಲೇ ತಮ್ಮ ಲೀಗಿನ ಕಪ್ ತಂದಿತ್ತು ಅನ್ನಿ! ಗಂಡಸರು ಗೆದ್ದಿದ್ದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ, ಬರೀ 6 ರನ್ನಿನಿಂದ.

ಮಾರನೇ ದಿನ ಬೆಂಗಳೂರಿನಲ್ಲಿ ವಿಜಯೋತ್ಸವ. ಹೋಗ್ತೀನಿ ಅಂತ ಹಟ ಹಿಡಿದ ಮಗನನ್ನು ನಾನು ಬಿಡಲಿಲ್ಲ. ಮುನಿಸಿಕೊಂಡು ಊಟ ಬಿಟ್ಟ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸೋದು ಸುಮಾರು 35 ಸಾವಿರ ಜನ; ಬಂದವರು ಲಕ್ಷಗಟ್ಟಲೆ. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ತೀರಿಹೋದರು. ಬಹುಪಾಲು ಎಳೆಯರು, ನಮ್ಮ ಮಂಡ್ಯ ಜಿಲ್ಲೆಯ ಹುಡುಗನೂ ಒಬ್ಬ. ಸುದ್ದಿ ಕೇಳಿ ಮಗ ಮಾತಿಲ್ಲದೆ ತಟ್ಟೆಯ ಮುಂದೆ ಬಂದು ಕೂತ.

ನೀವು ಗಂಜಾಂಗೆ ಬಂದಾಗ ಕಪ್ಪಿಗೂ ಬೇಡಿಕೊಳ್ಳಿ, ತಪ್ಪೇನಿಲ್ಲ. ನಾನಂತೂ ಈಗ ಬೇಡೋದು ಒಂದೇ: ಆಟ ನೋಡಲು ಹೋದ ಮಕ್ಕಳೆಲ್ಲ ಸುಖವಾಗಿ ಮನೆ ಸೇರಲಿ, ತಾಯಿ.