ನಾರ್ವಾ: ಒಂದೇ ನದಿ, ಎರಡು ಸುಂಕ

ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಿಂದ ಪೂರ್ವಕ್ಕೆ ಸುಮಾರು 210 ಕಿಲೋಮೀಟರ್ ಹೋದರೆ ನಾರ್ವಾ. ಅಲ್ಲಿಗೆ ದೇಶ ಮುಗಿಯುತ್ತದೆ. ನದಿಯ ಈ ದಡದಲ್ಲಿ ಹರ್ಮನ್ ಕೋಟೆ. ಆ ದಡದಲ್ಲಿ, ರಷ್ಯದ ನೆಲದಲ್ಲಿ, ಮೂರನೆಯ ಇವಾನ್ 1492ರಲ್ಲಿ ಕಟ್ಟಿಸಿದ ಇವಾನ್‌ಗೊರೊಡ್ ಕೋಟೆ. ಐದು ಶತಮಾನಗಳಿಂದ ಒಂದನ್ನೊಂದು ದುರುಗುಟ್ಟಿ ನೋಡುತ್ತಿವೆ. ನಡುವಿನ ಸೇತುವೆಯ ಹೆಸರು ಮಾತ್ರ 'ಸ್ನೇಹ ಸೇತುವೆ'!

ಕೋಟೆಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಕ್ರೀನ್‌ಹೋಮ್ ಬಟ್ಟೆ ಗಿರಣಿ. ಜಲಪಾತದ ಬಲ ನಂಬಿ 1857ರಲ್ಲಿ ಶುರುವಾದ ಈ ಗಿರಣಿಯಲ್ಲಿ ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಸೋವಿಯತ್ ಕಾಲದಲ್ಲಿ ಮಧ್ಯ ಏಷ್ಯದ ಹತ್ತಿ ಇಲ್ಲಿಗೆ ಬರುತ್ತಿತ್ತು. ಬಟ್ಟೆ ಒಕ್ಕೂಟದ ಉದ್ದಗಲಕ್ಕೂ ಹೋಗುತ್ತಿತ್ತು. ನಡುವೆ ಗಡಿಯೂ ಇಲ್ಲ, ಸುಂಕವೂ ಇಲ್ಲ.

1991ರಲ್ಲಿ ಎಸ್ಟೋನಿಯಾ ಸ್ವತಂತ್ರವಾಯಿತು. ಮರುವರ್ಷ ತನ್ನದೇ ಕ್ರೂನ್ ನಾಣ್ಯ ತಂದು, ಎಂಟು ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್ ಎಂದು ಬಿಗಿದು ಕಟ್ಟಿತು. ಅದೇ ವರ್ಷ ಪ್ರಧಾನಿಯಾದ ಮಾರ್ಟ್ ಲಾರ್‌ಗೆ ವಯಸ್ಸು 32, ಓದಿದ್ದು ಇತಿಹಾಸ. ಆಮದು ಸುಂಕಗಳು ಬಹುತೇಕ ಮಾಯವಾದವು. ಹೊರಗಿನ ಬೆಣ್ಣೆ, ಮಾಂಸಕ್ಕೂ ಬಾಗಿಲು ತೆರೆಯಿತು.

ನಮ್ಮ ಗಿರಣಿ ಉಳಿಸಿ ಎಂದು ಕೂಗುವವರು ಇರಲಿಲ್ಲವೇ? ಇದ್ದರು. ಆದರೆ ನಾರ್ವಾದ ಕಾರ್ಮಿಕರಲ್ಲಿ ಹೆಚ್ಚಿನವರು ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದ ರಷ್ಯನ್ ಭಾಷಿಕರು. ಹೊಸ ಪೌರತ್ವ ಕಾನೂನಿನಂತೆ ಅವರಲ್ಲಿ ಬಹುಪಾಲು ಜನರಿಗೆ 1992ರ ಸಂಸತ್ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಬಾಗಿಲು ಅಷ್ಟು ಸಲೀಸಾಗಿ ತೆರೆದುಕೊಂಡದ್ದಕ್ಕೆ ಇದೂ ಒಂದು ಕಾರಣ. ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಈ ಮಾತು ಸುಲಭಕ್ಕೆ ಸಿಗುವುದಿಲ್ಲ.

ನಮ್ಮ ಬಾಗಿಲು ತೆರೆದರೆ ಸಾಲದು, ಪಕ್ಕದ ಮನೆಯವರೂ ತೆರೆಯಬೇಕಲ್ಲ! ರಷ್ಯನ್ ಭಾಷಿಕರ ಪೌರತ್ವದ ಜಗಳ ಬೆಳೆದಿದ್ದ ಹೊತ್ತಿನಲ್ಲೇ, 1994ರಲ್ಲಿ, ರಷ್ಯ ಎಸ್ಟೋನಿಯಾದ ಸರಕಿಗೆ ಇಮ್ಮಡಿ ಸುಂಕ ಹಾಕಿತು. ಸೇತುವೆಯ ಈಚೆ ಸೊನ್ನೆ, ಆಚೆ ಎರಡು ಪಟ್ಟು. ವ್ಯಾಪಾರ ಫಿನ್‌ಲೆಂಡ್, ಸ್ವೀಡನ್ ಕಡೆ ಮುಖ ತಿರುಗಿಸಿತು. 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಆ ಹೊರೆ ಇಳಿಯಿತು. ಆದರೆ ಒಕ್ಕೂಟದ ನಿಯಮದಂತೆ, ಸುಂಕವನ್ನೇ ಒಲ್ಲೆನೆಂದಿದ್ದ ಎಸ್ಟೋನಿಯಾ ಹೊರದೇಶದ ಸರಕಿಗೆ ಸುಂಕ ಹಾಕಬೇಕಾಯಿತು.

ಗಿರಣಿಯನ್ನು ಸ್ವೀಡನ್ನಿನ ಮಾಲೀಕರು ಕೊಂಡು ಕೆಲಕಾಲ ನಡೆಸಿದರು. 2010ರಲ್ಲಿ ಅದು ದಿವಾಳಿಯಾಯಿತು. 2024ರ ಫೆಬ್ರುವರಿಯಲ್ಲಿ ಸೇತುವೆಯ ಮೇಲೆ ವಾಹನಗಳೂ ನಿಂತವು. ಕೋಟೆಯ ಮೇಲಿಂದ ಕಂಡದ್ದು, ಚಕ್ರದ ಪೆಟ್ಟಿಗೆ ಎಳೆದುಕೊಂಡು ಆಚೆ ದಡಕ್ಕೆ ನಡೆದು ಹೋಗುತ್ತಿದ್ದ ಜನ.