ಬಯಲಿನಿಂದ ನೆಟ್ಟಗೆ ಎದ್ದ ಡೆನಾಲಿ

ಆಂಕರೇಜ್‌ನಿಂದ ಹೊರಟ ರೈಲು ಟಾಕೀಟ್ನಾ ತಲುಪಿದಾಗ ಡೆನಾಲಿ ಇರಬೇಕಾದ ದಿಕ್ಕಿನಲ್ಲಿ ಬರೀ ಮೋಡ. ಅಲಾಸ್ಕಾದ ಈ ಶಿಖರ ಬೇಸಿಗೆಯಲ್ಲೂ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗಷ್ಟೇ ದರ್ಶನ ಕೊಡುತ್ತದಂತೆ.

ಊರಿನ ರೇಂಜರ್ ಕಚೇರಿಗೆ ವಾಲ್ಟರ್ ಹಾರ್ಪರ್ ಹೆಸರಿಟ್ಟಿದ್ದಾರೆ. 1913ರ ಜೂನ್ 7ರಂದು ಡೆನಾಲಿಯ ತುದಿಯಲ್ಲಿ ಎಲ್ಲರಿಗಿಂತ ಮೊದಲು ಕಾಲಿಟ್ಟವನು ಅವನೇ. ಹಡ್ಸನ್ ಸ್ಟಕ್ ಎಂಬ ಪಾದ್ರಿಯ ತಂಡದಲ್ಲಿದ್ದ, ಇಪ್ಪತ್ತರ ಹರೆಯದ ಹುಡುಗ. ತಾಯಿ ಕೊಯುಕಾನ್ ಬುಡಕಟ್ಟಿನವಳು. ಐದು ವರ್ಷದ ಬಳಿಕ ಹಡಗು ಮುಳುಗಿ ತೀರಿಕೊಂಡ. ಅಮೆರಿಕದ ಒಕ್ಕೂಟ ಸರ್ಕಾರದ ದಾಖಲೆಯಲ್ಲಿ ಈ ಬೆಟ್ಟ 2015ರವರೆಗೆ ಮೆಕಿನ್ಲಿ ಆಗಿತ್ತು, ಆಮೇಲೆ ಡೆನಾಲಿ ಆಗಿ, 2025ರಲ್ಲಿ ಮತ್ತೆ ಮೆಕಿನ್ಲಿ ಆಯಿತು. ಹಾರ್ಪರನ ತಾಯಿಯ ಕಡೆಯವರು ಕರೆದ ಹೆಸರೇ ನನಗೆ ಸರಿ ಅನ್ನಿಸುತ್ತದೆ.

ಮರುದಿನ ಮೋಡ ಹರಿಯಿತು. ಚಕ್ರದ ಜೊತೆ ಹಿಮಪಟ್ಟಿಗಳನ್ನೂ ಕಟ್ಟಿದ ಪುಟ್ಟ ವಿಮಾನದಲ್ಲಿ ಹೊರಟೆವು. ಕಾಡು, ಕವಲುಕವಲಾಗಿ ಹರಡಿದ ಬೂದುಬಣ್ಣದ ನದಿ ಎಲ್ಲ ಹಿಂದೆ ಸರಿದವು. ಆಮೇಲೆ ಇಡೀ ಬೆಟ್ಟ ಎದುರಿಗೆ ನಿಂತಿತು. ಡೆನಾಲಿಯ ಎತ್ತರ 6,190 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಇದೇನು ದೊಡ್ಡದಲ್ಲ. ಆದರೆ ಎವರೆಸ್ಟ್ ನಿಂತಿರುವುದು ಆಗಲೇ 5,000 ಮೀಟರಿನಷ್ಟು ಎತ್ತರದಲ್ಲಿರುವ ಟಿಬೆಟ್ಟಿನ ನೆಲದ ಅಂಚಿನಲ್ಲಿ. ಇಲ್ಲಿಯ ಬುಡ ಬರೀ 600 ಮೀಟರಿನ ಆಸುಪಾಸು. ಅಲ್ಲಿಂದ ಐದೂವರೆ ಸಾವಿರ ಮೀಟರ್ ಒಂದೇ ಸಮನೆ ಎದ್ದಿದೆ. ಅಂಕಿಯನ್ನು ಓದಿಕೊಂಡು ಹೋಗಿದ್ದರೂ ಕಣ್ಣಿಗೆ ಬಿದ್ದಾಗ ಮಾತು ಹೊರಡಲಿಲ್ಲ.

ರೂತ್ ಹಿಮನದಿಯ ಕಣಿವೆಯೊಳಗೆ ವಿಮಾನ ನುಗ್ಗಿತು. ಎರಡೂ ಪಕ್ಕದಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಎತ್ತರದ ಗ್ರಾನೈಟ್ ಗೋಡೆ. ಕೆಳಗಿನ ಮಂಜುಗಡ್ಡೆಯೂ ನೂರಾರು ಮೀಟರ್ ಆಳ. ಅಂದರೆ ಕಣಿವೆಯ ಒಂದು ಭಾಗ ಹೂತೇ ಹೋಗಿದೆ, ನಾವು ನೋಡುವುದು ಮೇಲಿನ ಭಾಗವನ್ನಷ್ಟೇ. ಪೆಸಿಫಿಕ್ ಫಲಕ ದಕ್ಷಿಣದಿಂದ ಒತ್ತುತ್ತಲೇ ಇರುವುದರಿಂದ ಈ ಪರ್ವತಸಾಲು ಇಂದಿಗೂ ಏಳುತ್ತಿದೆ. 2002ರಲ್ಲಿ ಡೆನಾಲಿ ಸ್ತರಭಂಗ ಬಿರಿದು 7.9 ತೀವ್ರತೆಯ ಭೂಕಂಪ ಆಗಿತ್ತು.

ಹಿಮದ ಮೇಲೆ ಇಳಿದೆವು. ಬಿರುಕುಗಳ ಭಯಕ್ಕೆ ವಿಮಾನದಿಂದ ದೂರ ಹೋಗಬೇಡಿ ಎಂದು ಪೈಲಟ್ ಎಚ್ಚರಿಸಿದರು. ಬಗ್ಗಿ ಒಂದು ಹಿಡಿ ಎತ್ತಿಕೊಂಡೆ. ಹತ್ತಿಯಂತಿರಬಹುದು ಅಂದುಕೊಂಡಿದ್ದ ಹಿಮ ಕಲ್ಲುಪ್ಪಿನ ಹಾಗೆ ಹರಳುಹರಳಾಗಿತ್ತು. ಬಿಸಿಲಿಗೆ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು. ಎಲ್ಲೋ ಮೇಲೆ ಹಿಮ ಜಾರಿದ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಬಹಳ ಹೊತ್ತು ಗುಡುಗಿತು.

ಟಾಕೀಟ್ನಾದ ಏರ್‌ಸ್ಟ್ರಿಪ್‌ನಲ್ಲಿ, ಕೆನ್ನೆ ಸುಟ್ಟು ಸಿಪ್ಪೆ ಎದ್ದಿದ್ದ ಆರೋಹಿಯೊಬ್ಬರು ಸಿಕ್ಕರು. 4,300 ಮೀಟರಿನ ಶಿಬಿರದಲ್ಲಿ ಗಾಳಿ ನಿಲ್ಲಲೆಂದು ಕಾದು ಕಾದು, ಶಿಖರ ಮುಟ್ಟದೆ ಇಳಿದಿದ್ದರು. "ನೇಪಾಳದಲ್ಲಿ ಇದೇ ಎತ್ತರ ಹತ್ತಿದ್ದೇನೆ. ಇಲ್ಲಿ ಉಸಿರು ಸಾಲುವುದಿಲ್ಲ" ಎಂದರು. ಅದು ಅವರ ಭ್ರಮೆಯಲ್ಲ. ಧ್ರುವದ ಕಡೆಗೆ ಹೋದಂತೆ ವಾಯುಮಂಡಲದ ಕೆಳಪದರ ತೆಳುವಾಗುತ್ತದೆ. 63 ಡಿಗ್ರಿ ಅಕ್ಷಾಂಶದ ಈ ಬೆಟ್ಟದ ಮೇಲೆ, ಅಷ್ಟೇ ಎತ್ತರದ ಹಿಮಾಲಯದ ಶಿಖರಕ್ಕಿಂತ ಗಾಳಿಯ ಒತ್ತಡ ಕಡಿಮೆ. ಅವರ ಪಕ್ಕದಲ್ಲಿ ಒಂದು ಡಬ್ಬವಿತ್ತು. ಮೇಲೆ ಹೋದವರು ತಮ್ಮ ಮಲವನ್ನೂ ಡಬ್ಬದಲ್ಲಿ ತುಂಬಬೇಕೆಂಬುದು ಇಲ್ಲಿಯ ನಿಯಮ. ಎಲ್ಲ ಬೆಟ್ಟಗಳಿಗೂ ಇಂಥ ಕಾವಲು ಬೇಕು. ಆ ಆರೋಹಿ ತಮ್ಮ ಡಬ್ಬ ಎತ್ತಿಕೊಂಡು, ಬರುವ ಮೇ ತಿಂಗಳಿಗೆ ಮತ್ತೆ ಹೆಸರು ಬರೆಸುವುದು ಹೇಗೆಂದು ವಿಚಾರಿಸಲು ರೇಂಜರ್ ಕಚೇರಿಯ ಕಡೆ ನಡೆದರು.